ಮಗು ಓಡತ್ತೆ, ಮನೆ ಕತ್ಲೆ, ಅಮ್ಮ ಎದ್ದು ಒಳಗೆ ಹೋಗ್ತಾರೆ, ಫೋಟೋ ತೆಗ್ಯೋದು ಹ್ಯಾಗೆ?

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ ಹಳ್ಳಿ, ತೋಟದ ಪಕ್ಕ ಹಳೇ ಹಂಚಿನ ಮನೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎಂಟು ತಿಂಗಳು. ಫೋನಲ್ಲಿ ಸಾವಿರಾರು ಫೋಟೋ ಇದೆ, ಗೋಡೆಗೆ ಹಾಕೋ ಅಂಥದ್ದು ಒಂದೂ ಇಲ್ಲ. ಒಳಗೆ ತೆಗೆದ್ರೆ ಮಸುಕು, ಹೊರಗೆ ತೆಗೆದ್ರೆ ಮುಖ ಕಪ್ಪು. ಮಗಳು ಫೋನ್ ಕಂಡ ಕೂಡ್ಲೇ ನಾಲಿಗೆ ಹೊರಗೆ ಹಾಕ್ತಾಳೆ. ನಮ್ಮಮ್ಮ ಅಂತೂ ಎದ್ದು ಒಳಗೇ ಹೋಗ್ಬಿಡ್ತಾರೆ. ಬೆಂಗಳೂರಲ್ಲಿರೋ ತಮ್ಮ ಡಿಎಸ್ಎಲ್ಆರ್, ಅಂದ್ರೆ ಲೆನ್ಸ್ ಬದಲಾಯಿಸೋ ದೊಡ್ಡ ಕ್ಯಾಮೆರಾ ತಗೋ ಅಂತಿದಾನೆ. ತಗೊಳ್ಲಾ?

ಉತ್ತರ: ಸದ್ಯಕ್ಕೆ ಬೇಡ ಮಾರಾಯ್ರೆ, ದುಡ್ಡು ಇಟ್ಕೊಳಿ. ನೀವು ಕಳ್ಸಿರೋ 12 ಫೋಟೋನೂ ಕೂತು ನೋಡ್ದೆ. ಹತ್ತು ಫೋಟೋ ಹಾಳಾಗಿರೋದು ಮಗುನ ಕತ್ಲೇಲಿ ನಿಲ್ಸಿ "ಇಲ್ನೋಡು ಪುಟ್ಟಿ, ಇಲ್ನೋಡು" ಅಂತ ಕರೆದಿದ್ರಿಂದ. ಅದೇ ಕತ್ಲೇಲಿ ಐವತ್ತು ಸಾವಿರದ ಕ್ಯಾಮೆರಾ ಹಿಡ್ಕೊಂಡು ಅದೇ ಥರ ಕರೆದ್ರೆ ಐವತ್ತು ಸಾವಿರದ ಮಸುಕು ಬರತ್ತೆ ಅಷ್ಟೇ. ನಾನು ಶಿವಮೊಗ್ಗದಲ್ಲಿ ಸ್ಟುಡಿಯೋ ನಡೆಸೋಕೆ ಶುರು ಮಾಡಿ 22 ವರ್ಷ ಆಯ್ತು, ಅದಕ್ಕೂ ಮುಂಚೆ ನಮ್ಮಪ್ಪ ನಡೆಸ್ತಿದ್ರು. ಅವ್ರ ಹತ್ರ ಇದ್ದಿದ್ದು ಯಾಶಿಕಾ ಡಬಲ್ ಲೆನ್ಸ್ ಕ್ಯಾಮೆರಾ, 120 ಅನ್ನೋ ಫಿಲ್ಮ್ ರೋಲ್ ಹಾಕಿದ್ರೆ ಹನ್ನೆರಡೇ ಫೋಟೋ. ಹನ್ನೆರಡೇ ಅಲ್ವಾ, ಅದಕ್ಕೇ ಕ್ಲಿಕ್ ಮಾಡೋ ಮುಂಚೆ ಮುಖದ ಮೇಲೆ ಬೆಳಕು ಎಲ್ಲಿಂದ ಬೀಳ್ತಿದೆ ಅಂತ ಐದು ನಿಮಿಷ ನೋಡ್ತಿದ್ರು, ಬಂದಿರೋ ಜನಕ್ಕೆ ಬೇಜಾರಾಗೋ ಅಷ್ಟು. ನಮಗೀಗ ಲೆಕ್ಕ ಇಲ್ಲ, ಅದಕ್ಕೆ ನೋಡೋದೂ ಇಲ್ಲ. ಕೆಳಗೆ ಏನೇನೋ ಹೇಳ್ತೀನಿ, ಆದ್ರೆ ಎಲ್ಲಾ ಸೇರಿ ಒಂದೇ ಮಾತು: ಮಗುನ ಬೆಳಕಿರೋ ಕಡೆ ಕರ್ಕೊಂಡ್ಬನ್ನಿ, ಆಮೇಲೆ ಬಾಯ್ಮುಚ್ಕೊಂಡು ಕಾಯಿರಿ.

ಅದಕ್ಕೂ ಮುಂಚೆ ಲೆನ್ಸ್ ಒರೆಸಿ. ನಗ್ಬೇಡಿ, ನಿಮ್ಮ ಮೂರು ಫೋಟೋಲಿ ಬಲ್ಬಿನ ಸುತ್ತ ಹಬೆ ಥರ ಹರಡಿದೆಯಲ್ಲ, ಅದು ಎಣ್ಣೆ. ಮಗುಗೆ ಎಣ್ಣೆ ಹಚ್ಚಿದ ಕೈಲೇ ಫೋನ್ ಎತ್ತೋದು, ಆಮೇಲೆ ಫೋಟೋ ಮಸುಕು ಅನ್ನೋದು. ತೊಳೆದು ಒಣಗಿಸಿದ ಹತ್ತಿ ಬಟ್ಟೆ ಸಾಕು, ಬಾಯಿಂದ ಒಂದ್ಸಲ ಹಾ ಅಂತ ಉಸಿರು ಬಿಟ್ಟು ಮೆಲ್ಲಗೆ ಒರೆಸಿ. ದಿನಾ.

ಈಗ ಬೆಳಕಿನ ವಿಚಾರ. ನಮ್ಮ ಮಲೆನಾಡಿನ ಮನೆಗಳು ಕಟ್ಟಿರೋದೇ ಮಳೆ ಒಳಗೆ ಬರಬಾರದು ಅಂತ. ಮಾಡು ಕೆಳಗಿನ ತನಕ ಇಳಿದಿರತ್ತೆ, ಕಿಟಕಿ ಸಣ್ಣದು, ತಲೆ ಮೇಲಿನ ಮುಚ್ಚಿಗೆ ಹಲಗೆ ಹೊಗೆ ಹಿಡಿದು ಕರ್ರಗೆ, ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಸುರಿಯೋವಾಗ ಬೇರೆ ಹ್ಯಾಗೆ ಕಟ್ತಾರೆ ಹೇಳಿ. ಆದ್ರೆ ಫೋನಿಗೆ ಇದೆಲ್ಲ ಗೊತ್ತಿಲ್ಲ. ಬೆಳಕು ಸಾಲ್ದೇ ಇದ್ರೆ ಅದು ಶಟರ್‌ನ ಜಾಸ್ತಿ ಹೊತ್ತು ತೆರೆದಿಟ್ಕೊಳತ್ತೆ, ಸೆಕೆಂಡಿನ 15ನೇ ಒಂದು ಭಾಗ, 20ನೇ ಒಂದು ಭಾಗ ಹೀಗೆ. ಅಷ್ಟರಲ್ಲಿ ನಾಲ್ಕು ವರ್ಷದ ಹುಡುಗಿ ತಲೆ ಎತ್ತಿ ಇಳಿಸಿ ಆಗಿರತ್ತೆ. ಸುಮ್ನೆ ಕೂತ ಮಗುಗೂ 1/125 ಆದ್ರೂ ಬೇಕು, ಆಡೋ ಮಗುಗೆ 1/250, ಓಡೋ ಮಗುಗೆ 1/500. ನೈಟ್ ಮೋಡ್ ಹಾಕಿದ್ರೆ ಇನ್ನೂ ಕೆಟ್ಟದು, ಅದು ಒಂದೆರಡು ಸೆಕೆಂಡ್ ಹಲವು ಫೋಟೋ ತೆಗೆದು ಒಂದ್ ಮಾಡತ್ತೆ, ಬೆಟ್ಟ ಗುಡ್ಡಕ್ಕೆ ಸರಿ, ಮಕ್ಕಳಿಗೆ ಅಲ್ಲ, ಅದನ್ನ ಆಫ್ ಮಾಡಿ.

ಹಾಗಾದ್ರೆ ಮನೆ ಒಳಗೆ ತೆಗ್ಯೋದೇ ಬೇಡ್ವಾ ಅಂತೀರಾ, ತೆಗೀರಿ, ಆದ್ರೆ ಮನೇಲಿ ಬೆಳಕು ಎಲ್ಲಿ ಕೂರತ್ತೆ ಅಂತ ಮೊದ್ಲು ಹುಡುಕಿ. ಅದಕ್ಕೆ ಒಂದ್ ಉಪಾಯ ಇದೆ, ಅಪ್ಪ ಹೇಳ್ಕೊಟ್ಟಿದ್ದು. ನಿಮ್ಮ ಮುಷ್ಟಿ ಕಟ್ಟಿ ಮುಖದ ಎತ್ತರಕ್ಕೆ ಹಿಡ್ಕೊಂಡು ಜಗುಲಿಯಿಂದ ಅಡಿಗೆಮನೆ ತನಕ ನಿಧಾನ ನಡೀರಿ, ನಿಮ್ಮಮ್ಮ ತಲೆ ಕೆಟ್ಟಿದೆಯಾ ಅಂತ ಕೇಳಬೋದು, ಪರ್ವಾಗಿಲ್ಲ. ಬೆರಳುಗಳ ಮೇಲೆ ಬೆಳಕು ಮೆತ್ತಗೆ ಒಂದು ಕಡೆಯಿಂದ ಬಿದ್ದು ಇನ್ನೊಂದ್ ಕಡೆ ನಿಧಾನ ಕಪ್ಪಾಗೋ ಜಾಗ ಸಿಗತ್ತೆ ನೋಡಿ, ಅದೇ ಜಾಗ. ಸಾಮಾನ್ಯ ಅದು ಅಂಗಳದ ಕಡೆ ಬಾಗಿಲಿಂದ ಎರಡು ಮೂರು ಅಡಿ ಒಳಗೆ, ಇಲ್ಲಾ ಜಗುಲಿ ತುದಿ. ಕಿಟಕಿಯಿಂದ ದೂರ ಹೋದ ಹಾಗೆಲ್ಲ ಬೆಳಕು ನಾವು ಅಂದ್ಕೊಂಡಿದ್ದಕ್ಕಿಂತ ಬೇಗ ಇಳಿಯತ್ತೆ, ನಮ್ಮ ಕಣ್ಣು ಹೊಂದ್ಕೊಳತ್ತೆ ಅಂತ ಗೊತ್ತಾಗಲ್ಲ. ಮಾಡಲ್ಲಿ ಗಾಜಿನ ಹಂಚು ಇದ್ರೆ ಇನ್ನೂ ಚೆಂದ, ಆದ್ರೆ ಸರೀ ಅದ್ರ ಕೆಳಗೆ ಕೂರಿಸಬೇಡಿ, ಹುಬ್ಬಿನ ನೆರಳು ಬಿದ್ದು ಕಣ್ಣು ಗುಳಿ ಥರ ಕಾಣತ್ತೆ, ಒಂದೆರಡು ಅಡಿ ಹಿಂದೆ ಸರಿಸಿ. ಸರಿಯಾಗಿದೆಯಾ ಇಲ್ವಾ ಅಂತ ತಿಳ್ಕೊಳ್ಳೋಕೆ ಮಗು ಕಣ್ಣು ನೋಡಿ, ಕಪ್ಪು ಗುಡ್ಡೆ ಮೇಲೆ ಬಾಗಿಲೋ ಕಿಟಕಿಯೋ ಬೆಳ್ಳಗೆ ಪುಟ್ಟದಾಗಿ ಕಾಣ್ಬೇಕು. ಕಾಣ್ತಿದೆ ಅಂದ್ರೆ ಮುಖಕ್ಕೆ ಬೆಳಕು ಬಂದಿದೆ.

ನಿಮ್ಮ ಎಂಟು ತಿಂಗಳವನಿಗೆ ಇದಕ್ಕಿಂತ ಜಾಸ್ತಿ ಏನೂ ಬೇಡ. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಸ್ನಾನ ಆಗಿ, ಹಾಲು ಕುಡಿದು, ನಿದ್ದೆ ಇನ್ನೂ ಬಂದಿರಲ್ಲ, ಆ ಅರ್ಧ ಗಂಟೆ ನಿಮ್ದು. ಬಾಗಿಲ ಹತ್ರ ಚಾಪೆ ಹಾಕಿ ಕೂರಿಸಿ, ಹಿಂದೆ ಅಮ್ಮನೋ ಅಕ್ಕನೋ ಆನ್ಕೊಳ್ಳೋಕಿರ್ಲಿ. ನೆರಳಿರೋ ಕಡೆ ಒಂದು ಬಿಳೀ ಪಂಚೆ ಕುರ್ಚಿ ಮೇಲೆ ಹರವಿ ಇಡಿ, ಬಾಗಿಲಿನ ಬೆಳಕು ಅದಕ್ಕೆ ಬಡಿದು ಕಪ್ಪಾಗಿರೋ ಕೆನ್ನೆಗೆ ವಾಪಸ್ ಬರತ್ತೆ. ಸ್ಟುಡಿಯೋದಲ್ಲಿ ನಾವು ರಿಫ್ಲೆಕ್ಟರ್ ಅಂತ ದುಡ್ಡು ಕೊಟ್ಟು ತಂದಿರೋದೂ ಅದೇ ಕೆಲ್ಸ ಮಾಡತ್ತೆ. ಆದ್ರೆ ಬಣ್ಣದ ಪಂಚೆ ಬೇಡ. ನಿಮ್ಮ ಮನೇಲಿ ರೆಡ್ ಆಕ್ಸೈಡ್ ನೆಲ ಇದ್ಯಲ್ಲ, ಮಗು ಬರೀ ನೆಲದ ಮೇಲೆ ಕೂತಿರೋ ಫೋಟೋಲಿ ಗಲ್ಲ ಕೆಂಪು ಕೆಂಪಾಗಿದೆ, ಅದು ನೆಲದ ಬಣ್ಣ ಮೇಲೆ ಹೊಡ್ದಿರೋದು. ಕೆಳಗೆ ತಿಳೀ ಬಣ್ಣದ ಬೆಡ್‌ಶೀಟ್ ಹಾಸಿದ್ರೆ ಸರಿ ಹೋಗತ್ತೆ. ಇನ್ನೊಂದು, ಕಿಟಕಿ ಬೆಳಕಲ್ಲಿ ತೆಗ್ಯೋವಾಗ ಒಳಗಿನ ಲೈಟ್ ಆರಿಸಿ. ಒಂದ್ ಕಡೆ ಹಳದಿ ಒಂದ್ ಕಡೆ ನೀಲಿ ಬಂದ್ರೆ ಅದನ್ನ ಆಮೇಲೆ ಸರಿ ಮಾಡೋದು ನನಗೂ ಕಷ್ಟ. ಫೋನಿನ ಫ್ಲಾಶ್ ಬಗ್ಗೆ ಮಾತಾಡೋದೇ ಬೇಡ.

ನಾಲಿಗೆ ವಿಚಾರಕ್ಕೆ ಬರೋಣ. ತಪ್ಪು ಮಗಳದ್ದಲ್ಲ. ಫೋನ್ ಎತ್ತಿದ ತಕ್ಷಣ ಅಪ್ಪ ತಾನು ಮಾಡ್ತಿದ್ದ ಕೆಲ್ಸ ಬಿಟ್ಟು ತನ್ನನ್ನೇ ನೋಡ್ತಾನೆ ಅಂತ ಅವಳಿಗೆ ಗೊತ್ತಾಗಿದೆ, ಹಾಗಾಗಿ ಅವಳೂ ಒಂದು ನಾಟಕ ಶುರು ಮಾಡ್ತಾಳೆ. ನನ್ ಮಗನೂ ಹೀಗೇ, ಅವನಮ್ಮ ಅಂದ್ರೆ ನನಗೆ ಫೋಟೋಗ್ರಫಿ ಕಸುಬು, ಮಗನ ಮೂರರಿಂದ ಐದು ವರ್ಷದ ತನಕದ ಫೋಟೋಲೆಲ್ಲ ಎರಡು ಬೆರಳು ಎತ್ತಿ ಹಲ್ಲು ಕಿಸಿದಿರೋದೇ ಇದೆ. ಆಮೇಲೆ ಬುದ್ಧಿ ಬಂತು, ಅವನಿಗಲ್ಲ, ನನಗೆ. ಕರೆಯೋದು ಬಿಟ್ಟೆ. ಒಂದು ವಾರ ಫೋನ್ ಹಿಡ್ಕೊಂಡು ಅವನ ಪಕ್ಕ ಸುಮ್ನೆ ಕೂತ್ಕೋತಿದ್ದೆ, ತೆಗೀತಿದ್ನೋ ಬಿಡ್ತಿದ್ನೋ ಅವನಿಗೆ ಗೊತ್ತಾಗ್ತಿರ್ಲಿಲ್ಲ, ಶಟರ್ ಸದ್ದು ಆಫ್. ವಾರ ಕಳೆಯೋದ್ರೊಳಗೆ ಅವನಿಗೆ ಬೇಜಾರಾಗಿ ಇರುವೆ ನೋಡೋಕೆ ಶುರು ಮಾಡ್ದ. ಆಗ ಸಿಕ್ತು.

ಮಗುಗೆ ಕೈಗೊಂದು ಕೆಲ್ಸ ಕೊಡಿ. ನಾಲ್ಕು ವರ್ಷದವಳಿಗೆ ಹೂ ಕೊಯ್ಯೋದು, ಕೊಟ್ಟಿಗೇಲಿ ಕರುಗೆ ಹುಲ್ಲು ಕೊಡೋದು, ಬೀನ್ಸ್ ಬಿಡಿಸೋದು, ಅಜ್ಜಿ ದೋಸೆ ಹುಯ್ಯೋವಾಗ ತೂತು ಎಣಿಸೋದು, ಏನಾದ್ರೂ ಸರಿ. ಕೈ ಬಿಜಿ ಆದ್ರೆ ಮುಖ ತನ್ನಷ್ಟಕ್ಕೆ ತಾನೇ ಬರತ್ತೆ. ನಿಮಗೆ ಬೇಕಾಗಿರೋದು ಆ ತುಟಿ ಕಚ್ಕೊಂಡು ಕೂತಿರೋ ಮುಖ, ಕ್ಯಾಮೆರಾ ನೋಡಿ ನಗೋದು ಆಧಾರ್ ಕಾರ್ಡಿಗೂ ಬೇಡ.

ಓಡಾಟದ್ದು ಬೇಕು ಅಂದ್ರೆ ನಿಮ್ಮ ತೋಟದಲ್ಲೇ ಇದೆ, ಅಡಿಕೆ ಹಾಳೆ. ಒಂದು ಮಗು ಹಾಳೆ ಮೇಲೆ ಕೂತು, ಇನ್ನೊಂದು ಮಗು ಸೋಗೆ ಹಿಡ್ಕೊಂಡು ಎಳೆಯೋದು. ಪಕ್ಕದ ಮನೆ ಮಕ್ಕಳನ್ನೂ ಕರೀರಿ. ಅವ್ರ ಹಿಂದೆ ಓಡ್ಬೇಡಿ, ನೀವು ಓಡಿದ್ರೆ ಮಗು, ಫೋನ್ ಎರಡೂ ಅಲುಗಾಡತ್ತೆ. ಅವ್ರು ಎಲ್ಲಿ ತಿರುಗ್ತಾರೆ ನೋಡ್ಕೊಳಿ, ಎರಡು ಸುತ್ತಲ್ಲಿ ಗೊತ್ತಾಗತ್ತೆ, ಆ ಜಾಗಕ್ಕೆ ಎದುರಾಗಿ ನೆಲದ ಮೇಲೆ ಕೂತು, ಆ ನೆಲದ ಮೇಲೇ ಸ್ಕ್ರೀನಲ್ಲಿ ಬೆರಳೊತ್ತಿ ಹಿಡಿದು ಫೋಕಸ್ ಲಾಕ್ ಮಾಡಿ ಕಾಯಿರಿ. ಬಂದ್ರು ಅಂದಾಗ ಬರ್ಸ್ಟ್, ಅಂದ್ರೆ ಟರ್ರಂತ ಒಂದೇ ಸಮ ಹೊಡಿಯೋದು. ಇಪ್ಪತ್ತರಲ್ಲಿ ಹತ್ತೊಂಬತ್ತು ಕಸ. ಒಂದರಲ್ಲಿ ಎಳೆಯೋನ ಮುಖ ಪೂರ್ತಿ ಸೊಟ್ಟಗಾಗಿರತ್ತೆ, ಕೂತೋಳು ಬೀಳೋಳಿದ್ದಾಳೆ, ಒಂದು ಕಾಲು ಗಾಳೀಲಿ, ಧೂಳು ಎದ್ದಿರತ್ತೆ. ಹತ್ತೊಂಬತ್ತನ್ನ ಅವತ್ತೇ ರಾತ್ರಿ ಡಿಲೀಟ್ ಮಾಡಿ, ಇದು ಮುಖ್ಯ, ಇಲ್ಲಾಂದ್ರೆ ಒಳ್ಳೇದು ಆ ಸಾವಿರದಲ್ಲಿ ಮುಳುಗಿ ಹೋಗತ್ತೆ.

ನೆಲದ ಮೇಲೆ ಕೂತು ಅಂದ್ನಲ್ಲ, ಅದು ಎಲ್ಲಾ ಕಡೆಗೂ. ನಿಮ್ಮ 12 ಫೋಟೋಲಿ 11 ನೀವು ನಿಂತ್ಕೊಂಡು ಕೆಳಗೆ ನೋಡಿ ತೆಗೆದಿರೋದು, ದೊಡ್ಡ ತಲೆ, ಸಣ್ಣ ಕಾಲು, ಹಿಂದೆ ಪೂರ್ತಿ ನೆಲ. ಮಗು ಕಣ್ಣಿನ ಎತ್ತರಕ್ಕೆ ನಿಮ್ಮ ಫೋನ್ ಇಳೀಬೇಕು, ತೆವಳೋ ಮಗು ಆದ್ರೆ ನೀವೂ ಹೊಟ್ಟೆ ಮೇಲೆ ಮಲಗ್ಬೇಕು. ಹಾಗೇ ಮುಖದ ಹತ್ರ ಫೋನ್ ತಗೊಂಡು ಹೋಗ್ಬೇಡಿ. ಫೋನಿನ ಮೇನ್ ಲೆನ್ಸು ಅಗಲದ್ದು, ಹತ್ರ ಹೋದ್ರೆ ಮೂಗು ಆಲೂಗಡ್ಡೆ ಆಗತ್ತೆ. 2 ಎಕ್ಸ್ ಒತ್ತಿ ಎರಡ್ ಹೆಜ್ಜೆ ಹಿಂದೆ ಬನ್ನಿ. 0.5 ಇದ್ಯಲ್ಲ, ಅದರಲ್ಲಿ ತುದೀಲಿ ನಿಂತೋರು ದಪ್ಪ ಕಾಣ್ತಾರೆ, ನಿಮ್ಮ ಅತ್ತಿಗೆನ ಆ ತುದೀಲಿ ನಿಲ್ಸಿ ಆಮೇಲೆ ಅನುಭವಿಸ್ಬೇಡಿ. ಹಿಂದೆ ಏನಿದೆ ಅಂತ ನೋಡೋದೂ ಅಷ್ಟೇ, ನೀಲಿ ಡ್ರಮ್ಮು, ಒಣಗಿ ಹಾಕಿದ ಟವೆಲ್, ತಲೆ ಮೇಲೆ ಹುಟ್ಟಿದ ಹಾಗೆ ಕಾಣೋ ಕರೆಂಟ್ ಕಂಬ. ಅದನ್ನ ತೆಗೆಯೋಕೆ ಆ್ಯಪ್ ಬೇಡ, ನೀವೇ ಒಂದಡಿ ಪಕ್ಕಕ್ಕೆ ಸರೀರಿ.

ಹೊರಗೆ ಮುಖ ಕಪ್ಪಾಗೋದು ಯಾಕೆ ಅಂದ್ರೆ ಹಿಂದೆ ಆಕಾಶ ಬೆಳ್ಳಗಿರತ್ತೆ, ಫೋನು ಅದನ್ನ ನೋಡಿ ಬೆಳಕು ಜಾಸ್ತಿ ಆಯ್ತು ಅಂತ ಕಮ್ಮಿ ಮಾಡತ್ತೆ. ಮುಖದ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಸೂರ್ಯನ ಗುರುತು ಬರತ್ತೆ, ಅದನ್ನ ಸ್ವಲ್ಪ ಮೇಲಕ್ಕೆ ಎಳೀರಿ, ಆಕಾಶ ಬೆಳ್ಳಗಾಗಿ ಹೋದ್ರೆ ಹೋಗ್ಲಿ. ಮಂಜು ಇರೋ ದಿನವೂ ಹಾಗೇ, ಇಲ್ಲಾಂದ್ರೆ ಬಿಳೀ ಮಂಜು ಬೂದಿ ಬಣ್ಣಕ್ಕೆ ತಿರುಗತ್ತೆ, ಕ್ಯಾಮೆರಾ ಇರೋರು ಬೆಳಕು ಹೆಚ್ಚುಕಮ್ಮಿ ಮಾಡೋ ಪ್ಲಸ್-ಮೈನಸ್ ಗುರುತಲ್ಲಿ ಪ್ಲಸ್ ಒಂದು ಕೊಡಿ. ಮಧ್ಯಾಹ್ನದ ಬಿಸ್ಲಲ್ಲಿ ತೆಗೀಬೇಡಿ ಅನ್ನೋದು ಎಲ್ರಿಗೂ ಗೊತ್ತು, ಆದ್ರೆ ನೆರಳು ಅಂತ ತೋಟದ ಒಳಗೆ ಕರ್ಕೊಂಡ್ ಹೋಗೋದು ಅದಕ್ಕಿಂತ ದೊಡ್ಡ ತಪ್ಪು. ಅಡಿಕೆ ಮರದ ಕೆಳಗೆ ಬಿಸ್ಲು ಚೂರು ಚೂರಾಗಿ ಬೀಳತ್ತೆ, ಮಗು ಮುಖ ಚಿರತೆ ಥರ ಆಗತ್ತೆ, ಮೇಲಿಂದ ಎಲೆ ದಾಟಿ ಬರೋ ಬೆಳಕಿಗೆ ಚರ್ಮ ಹಸುರು. ತೋಟದ ಅಂಚಿಗೆ ಬನ್ನಿ, ಮಗು ನೆರಳಲ್ಲಿರ್ಲಿ ಮುಖ ಮಾತ್ರ ಗದ್ದೆ ಕಡೆ, ಬಯಲು ಆಕಾಶದ ಕಡೆ ಇರ್ಲಿ. ಮಳೆಗಾಲದಲ್ಲಿ ಮೋಡ ಮುಚ್ಚಿದ ದಿನ ಎಲ್ಲಿ ನಿಲ್ಸಿದ್ರೂ ನಡಿಯತ್ತೆ, ಅದು ನಮ್ಮೂರಿನ ಪುಣ್ಯ, ಬೇರೆ ಕಡೆಯೋರಿಗೆ ಜೂನಿಂದ ಸೆಪ್ಟೆಂಬರ್ ತನಕ ಆ ಥರ ಮೆತ್ತನೆ ಬೆಳಕು ಎಲ್ಲಿ ಸಿಗತ್ತೆ.

ಪ್ರವಾಸದ ಫೋಟೋ ನೀವು ಕೇಳಿಲ್ಲ, ಆದ್ರೂ ಒಂದ್ ಮಾತು. ಜೋಗದಲ್ಲಿ ನೀರು ಬೀಳೋದು 253 ಮೀಟರ್, ಮನೆಯವ್ರು ಇರೋದು ಐದೂವರೆ ಅಡಿ, ಎಲ್ರನ್ನೂ ಕಂಬಿ ಹತ್ರ ಸಾಲಾಗಿ ನಿಲ್ಸಿ ನೀವು ಹಿಂದೆ ಹಿಂದೆ ಬಂದ್ರೆ ಮನೆಯವ್ರು ಸಾಸಿವೆ ಕಾಳು. ಅವ್ರನ್ನ ನಿಮ್ಮ ಹತ್ರ ಕರ್ಕೊಂಡ್ಬನ್ನಿ, ಸೊಂಟದಿಂದ ಮೇಲೆ ಸಾಕು, ಜಲಪಾತ ಹಿಂದೆ ಇದ್ದೇ ಇರತ್ತೆ. ಆಗುಂಬೇಲಿ ಸೂರ್ಯ ಮುಳುಗೋವಾಗ ಎಲ್ರೂ ಸೂರ್ಯನ್ನ ಹೊಡೀತಿರ್ತಾರೆ. ನೀವು ಸೂರ್ಯನಿಗೆ ಬೆನ್ನು ಹಾಕಿ, ಸೂರ್ಯನ್ನ ನೋಡ್ತಿರೋ ಮಗಳ ಮುಖ ಹೊಡೀರಿ.

ಗ್ರೂಪ್ ಫೋಟೋ, ದೀಪಾವಳಿಗೆ ಇಪ್ಪತ್ತು ಜನ ಸೇರಿದಾಗ. ಅಂಗಳದಲ್ಲಿ ಬಿಸಿಲಿಗೆ ಮುಖ ಮಾಡಿ ನಿಲ್ಸಿದ್ರೆ ಎಲ್ರೂ ಕಣ್ಣು ಚಿವುಟಿರ್ತಾರೆ. ಮನೆ ನೆರಳು ಅಂಗಳಕ್ಕೆ ಬೀಳೋ ಹೊತ್ತಿಗೆ ಜಗುಲಿ ಮೆಟ್ಟಿಲ ಮೇಲೆ ಕೂರಿಸಿ, ವಯಸ್ಸಾದೋರು ಮಧ್ಯ, ಮಕ್ಕಳನ್ನ ಕೊನೇಗೆ ಕರೀರಿ, ಯಾಕಂದ್ರೆ ಅವ್ರ ತಾಳ್ಮೆ ಎರಡು ನಿಮಿಷದ್ದು. ಎಲ್ರೂ ಕಣ್ಮುಚ್ಚಿ, ಮೂರು ಅಂದಾಗ ಕಣ್ಣು ಬಿಡಿ ಅನ್ನಿ, ಕಣ್ಣು ಮಿಟುಕಿಸೋರು ಕಮ್ಮಿ ಆಗ್ತಾರೆ. ಏಳೆಂಟು ಹೊಡೀರಿ. ಆಮೇಲೆ "ಆಯ್ತು" ಅಂತ ಹೇಳಿ ಮತ್ತೆರಡು ಹೊಡೀರಿ, ನಿಜವಾದ ನಗು ಅದರಲ್ಲಿರತ್ತೆ. ಫೋನ್ ಕಿಟಕಿ ಸರಳಿಗೆ ಒರಗಿಸಿ 10 ಸೆಕೆಂಡ್ ಟೈಮರ್ ಹಾಕಿ ನೀವೂ ಹೋಗಿ ಕೂತ್ಕೊಳಿ, ನೀವು ಕಳ್ಸಿರೋ ಒಂದು ಫೋಟೋದಲ್ಲೂ ನೀವಿಲ್ಲ, ಮಗಳು ದೊಡ್ಡೋಳಾಗಿ ಅಪ್ಪ ಎಲ್ಲಿದ್ರು ಅಂತ ಕೇಳ್ತಾಳೆ.

ಕ್ಯಾಮೆರಾ ತಗೊಳ್ಳೋದಾದ್ರೆ ಒಂದು ವರ್ಷ ಇದೆಲ್ಲ ಮಾಡಿ ಆಮೇಲೆ ತಗೊಳಿ. ಆಗಲೂ ದುಡ್ಡು ಕ್ಯಾಮೆರಾದ ಬಾಡಿಗೆ ಸುರೀಬೇಡಿ, ಲೆನ್ಸಿಗೆ ಹಾಕಿ. ಜೊತೇಲಿ ಕೊಡೋ 18-55 ಲೆನ್ಸು ಜೂಮ್ ಮಾಡಿದಾಗ ಎಫ್ 5.6ಕ್ಕೆ ಬಂದು ನಿಲ್ಲತ್ತೆ, ಎಫ್ ಅಂದ್ರೆ ಲೆನ್ಸಿನ ಬಾಯಿ ಎಷ್ಟು ತೆರೆಯತ್ತೆ ಅನ್ನೋ ಲೆಕ್ಕ, ನಂಬರ್ ಸಣ್ಣದಾದಷ್ಟೂ ಬಾಯಿ ದೊಡ್ಡದು, ಎಫ್ 1.8ರ ಲೆನ್ಸು ಅದಕ್ಕಿಂತ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು ಒಳಗೆ ಬಿಡತ್ತೆ, ನಿಮ್ಮ ಮನೆಗೆ ಬೇಕಾಗಿರೋದು ಅದು. ಎಲ್ರೂ 50 ಎಂಎಂ ಲೆನ್ಸು ತಗೋ ಅಂತಾರೆ, ಸಣ್ಣ ಸೆನ್ಸರ್ ಬಾಡೀಲಿ ಅದು 75-80ರ ಹಾಗೆ ಕೆಲ್ಸ ಮಾಡತ್ತೆ, ಅಂದ್ರೆ ಎಲ್ಲಾನೂ ಹತ್ರಕ್ಕೆ ಎಳೆದು ತೋರ್ಸತ್ತೆ, ಕೋಣೆ ಒಳಗೆ ಹಿಂದೆ ಸರಿದು ಸರಿದು ಗೋಡೆಗೆ ಬೆನ್ನು ತಾಗತ್ತೆ, 35 ಎಂಎಂ ವಾಸಿ. ಐಎಸ್ಓ, ಅಂದ್ರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ನಂಬರ್, ಅದನ್ನ 3200ಕ್ಕೆ ಏರ್ಸೋಕೆ ಹೆದರ್ಬೇಡಿ, ಕಾಳು ಕಾಳು ಬಂದ್ರೂ ಫೋಟೋ ಫೋಟೋನೇ, ಅಲುಗಿದ್ರೆ ಏನೂ ಇಲ್ಲ. ಫ್ಲಾಶ್‌ನ ಮೇಲಕ್ಕೆ ತಿರುಗಿಸಿ ಸೀಲಿಂಗಿಗೆ ಹೊಡೀರಿ ಅಂತ ವಿಡಿಯೋದಲ್ಲಿ ಹೇಳ್ತಾರಲ್ಲ, ಅವ್ರದ್ದು ಬಿಳೀ ಆರ್‌ಸಿಸಿ. ನಿಮ್ಮ ಕರೀ ಮುಚ್ಚಿಗೆ ಆ ಬೆಳಕನ್ನೆಲ್ಲ ನುಂಗ್ಕೊಂಡು ಸುಮ್ನಾಗತ್ತೆ. ಸುಣ್ಣ ಬಳಿದ ಗೋಡೆ ಕಡೆ ತಿರುಗಿಸಿ.

ಮತ್ತೆ ಬೂಷ್ಟು. ಅಪ್ಪನ ಒಂದು ಹಳೇ ಲೆನ್ಸ್‌ನ ನಾನು ಜೋಪಾನ ಅಂತ ಲೆದರ್ ಕೇಸಲ್ಲಿ ಹಾಕಿ ಬೀರುವಲ್ಲಿಟ್ಟಿದ್ದೆ, ಆಷಾಢದಲ್ಲಿ ಇಟ್ಟಿದ್ದು ದೀಪಾವಳಿಗೆ ತೆಗೆದೆ. ಗಾಜಿನ ಒಳಗೆ ಜೇಡರ ಬಲೆ ಥರ ಬಿಳೀ ಬೇರು ಬಿಟ್ಟಿತ್ತು. ಆ ಲೆದರೇ ತೇವ ಹಿಡಿದಿಟ್ಕೊಂಡು ಸಾಕಿತ್ತು ಅದನ್ನ. ನಿಮ್ಮ ಕಡೆ ನಮಗಿಂತ ಜಾಸ್ತಿ ತೇವ. ಗಾಳಿಯಾಡದ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರೋ ಸಿಲಿಕಾ ಜೆಲ್, ನೀಲಿದು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಡಬ್ಬದಲ್ಲಿ ಇಡ್ಬೇಡಿ, ಹಿಟ್ಟಿನ ಧೂಳು ಒಳಗೆ ಹೋಗತ್ತೆ.

ಫೋಟೋ ಎರಡು ಕಡೆ ಕಾಪಿ ಇಡಿ, ಫೋನ್ ಹೊಳೆಗೆ ಬಿದ್ರೆ ಅಳೋದು ನಮ್ಮ ಸ್ಟುಡಿಯೋಗೆ ಬಂದೇ. ತಿಂಗಳಿಗೆ ಹತ್ತು ಆರಿಸಿ ಪ್ರಿಂಟ್ ಹಾಕ್ಸಿ. ಸ್ನಾನದ ಫೋಟೋ ಸ್ಟೇಟಸ್‌ಗೆ ಹಾಕ್ಬೇಡಿ, ಅದು ಮನೇಲೇ ಇರ್ಲಿ.

ಕೊನೇದು ನಿಮ್ಮಮ್ಮ. ಎಲ್ಲಾ ಮನೇಲೂ ಇದಾರೆ ಈ ಅಮ್ಮ, "ಸುಡ್ಲಿ ಈ ಮುಖ ಯಾಕೆ ತೆಗೀತೀಯ" ಅಂತ ಸೆರಗು ಹೊದ್ಕೊಳ್ಳೋರು. ನಮ್ಮಮ್ಮ ಹೋದಾಗ ಫ್ರೇಮಿಗೆ ಒಂದು ಫೋಟೋ ಬೇಕಿತ್ತು, ಫೋಟೋಗ್ರಾಫರ್ ಗಂಡ, ಫೋಟೋಗ್ರಾಫರ್ ಮಗಳು, ಸಿಕ್ಕಿದ್ದು ಯಾರದ್ದೋ ಉಪನಯನದ ಆಲ್ಬಮ್ಮಲ್ಲಿ ಬಡಿಸ್ತಾ ನಿಂತಿದ್ದ ಅರ್ಧ ಮುಖ. ಅದಕ್ಕೇ ಹೇಳ್ತೀನಿ, ಮುಖದಿಂದ ಶುರು ಮಾಡ್ಬೇಡಿ. ಅವ್ರು ಅಡಿಕೆ ಸುಲೀತಾ ಕೂತಿರೋವಾಗ ಮೊದ್ಲು ಬರೀ ಕೈ ತೆಗೀರಿ. ಅಡಿಕೆ ಸುಲಿಯೋ ಮೆಟ್ಟುಗತ್ತಿ, ಚೊಗರು ಅಂದ್ರೆ ಅಡಿಕೆ ಕರೆ ಹಿಡಿದು ಕರ್ರಗಾದ ಬೆರಳು, ಬಳೆ. ಅದಕ್ಕೆ ಯಾವ ಅಮ್ಮನೂ ಬೇಡ ಅನ್ನಲ್ಲ. ಆಮೇಲೆ ತೋರ್ಸಿ. ಹೊಸನಗರ ಕಡೆ ಒಂದು ಮನೇಲಿ ನಾನು ಹೀಗೇ ಮಾಡಿದಾಗ ಆ ಅಜ್ಜಿ ಕನ್ನಡಕ ಏರಿಸ್ಕೊಂಡು ಎಷ್ಟೋ ಹೊತ್ತು ನೋಡಿ "ನನ್ನ ಕೈ ಇಷ್ಟು ಕಪ್ಪಾಗಿದ್ಯಾ" ಅಂದ್ರು, ಆಮೇಲೆ "ಬಳೆ ಚೆಂದ ಬಂದಿದೆ" ಅಂದ್ರು, ಆಮೇಲೆ "ತಡಿ, ಸೀರೆ ಬದಲಾಯಿಸ್ಕೊಂಡ್ ಬರ್ತೀನಿ" ಅಂತ ಎದ್ರು. ನಿಮ್ಮಮ್ಮನೂ ಎದ್ರೆ ಬದಲಾಯಿಸ್ಕೊಂಡೇ ಬರ್ಲಿ, ಆ ರೇಷ್ಮೆ ಸೀರೆ ಫೋಟೋನೂ ತೆಗೀರಿ, ಅದು ಅವ್ರಿಗೆ. ನಿಮಗೆ ಬೇಕಾಗಿರೋದು ಅದಕ್ಕೂ ಮುಂಚೆ, ಕನ್ನಡಕ ಏರಿಸ್ಕೊಂಡು ತಮ್ಮ ಕೈನ ತಾವೇ ನೋಡ್ತಿರೋ ಮುಖ. ಹಾಗಾಗಿ ಕೈ ಫೋಟೋನ ಹೆಂಡ್ತಿ ಫೋನಲ್ಲಿ ತೆಗೆದು ಅದರಲ್ಲೇ ತೋರ್ಸಿ, ನಿಮ್ಮ ಫೋನ್ ರೆಡಿ ಇಟ್ಕೊಂಡು ಎದುರಿಗೆ ಕೂತಿರಿ.